ವಲಿ, ವಲಿಪ್ಪು

ಶಾಂತಾಮಣಿ, ತುರ್ತುಚಿಕಿತ್ಸೆಯ ಪರೀಕ್ಷೆಯಲ್ಲಿ ನೀನು ಫೇಲಾದದ್ದು ನಿನ್ನ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಅದು ನನಗೆ ಅಂದೇ ಗೊತ್ತಾಯಿತು. ಗೊತ್ತಾದ ಮೇಲೂ ಸುಮ್ಮನಿದ್ದೆ — ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ, ಆಮೇಲೆ ಸಾಕ್ಷಿಯನ್ನೂ ಅಳಿಸಿದೆ.

ಇಸವಿ ಎರಡು ಸಾವಿರ ದಾಟಿ ಐದಾರು ವರ್ಷವಾಗಿತ್ತು. ದಾವಣಗೆರೆಯಿಂದ ಕೊಯಮತ್ತೂರಿನ ಆ ಕಾಲೇಜಿಗೆ ಪಾಠ ಹೇಳಲು ಬಂದ ನನಗೆ ಅದು ಮೊದಲ ವರ್ಷ. ನಿಮ್ಮಂಥ ಹೊಸ ವೈದ್ಯರ ಕೈಗೆ ನಿಜವಾದ ರೋಗಿಯನ್ನು ಒಪ್ಪಿಸುವ ಮುಂಚೆ ಗೊಂಬೆಯ ಮೇಲೆ ಪರೀಕ್ಷೆ ಮಾಡುವ ಪದ್ಧತಿ ಆಗಷ್ಟೇ ಶುರುವಾಗಿತ್ತು. ಆ ರಬ್ಬರಿನ ಗಂಡಸಿಗೆ ನೀವೆಲ್ಲ ಮುರುಗೇಶನ್ ಎಂದು ಹೆಸರಿಟ್ಟಿದ್ದಿರಿ. ಅವನಿಗೆ ಮಾತು ಬಾರದ್ದರಿಂದ, ಅವನ ಮಗನಾಗಿ ಪರದೆಯ ಹಿಂದಿನಿಂದ ನಾನು ಕೂಗಬೇಕು. ತಮಿಳಿನಲ್ಲಿ, ಯಾಕೆಂದರೆ ಕ್ಯಾಶುವಾಲ್ಟಿಗೆ ಓಡಿಬರುವವರು ಕೂಗುವುದು ಅದರಲ್ಲೇ. ನನ್ನ ತಮಿಳು ಇದಕ್ಕೆ ಸಾಕಾಗುತ್ತದೆಯೇ ಎಂದು ವಿಭಾಗದ ಮುಖ್ಯಸ್ಥರು ಎಲ್ಲರೆದುರು ಕೇಳಿದ್ದರು. ಆರೇ ತಿಂಗಳಲ್ಲಿ ಕಲಿತುಬಿಟ್ಟೆ ಸಾರ್ ಎಂದು ನಾನು ಎದೆಯುಬ್ಬಿಸಿದ್ದೆ.

ಕಲಿತದ್ದಾದರೂ ಹೇಗೆ? ಸೂತ್ರ ಹಿಡಿದು. ನಗು ಎನ್ನಲು ಸಿರಿ, ನಗುವಿಗೆ ಸಿರಿಪ್ಪು. ಓದು ಎನ್ನಲು ಪಡಿ, ಓದಿಗೆ ಪಡಿಪ್ಪು. ಹಾಗಿದ್ದ ಮೇಲೆ ವಲಿ ಎಂದರೂ ನೋವು, ವಲಿಪ್ಪು ಎಂದರೂ ನೋವೇ ಇರಬೇಕು, ವಲಿಪ್ಪು ಸ್ವಲ್ಪ ಹೆಚ್ಚು ಶುದ್ಧ ತಮಿಳು ಅಷ್ಟೇ — ಎಂಥ ಜಾಣ ನಾನು.

ಒಬ್ಬೊಬ್ಬರಿಗೆ ಒಂದೊಂದು ಕಾಯಿಲೆಯ ಕಾರ್ಡು, ಅದು ಕಾಣುವುದು ನನಗೆ ಮಾತ್ರ. ನಿನ್ನ ಪಾಲಿಗೆ ಬಂದದ್ದು ಹೃದಯಾಘಾತ. ನೆಂಜು ವಲಿ, ಅಂದರೆ ಎದೆನೋವು ಎನ್ನಬೇಕಿದ್ದ ನಾನು ಗಂಟಲು ಹರಿಯುವಂತೆ ಕೂಗಿದೆ: "ಡಾಕ್ಟರ್, ಅಪ್ಪಾವುಕ್ಕು ವಲಿಪ್ಪು ವಂದಿರುಚ್ಚು, ಸೀಕ್ಕಿರಂ ವಾಂಗ."

ಅಪ್ಪನಿಗೆ ವಲಿಪ್ಪು ಬಂದುಬಿಟ್ಟಿದೆ, ಬೇಗ ಬನ್ನಿ ಎಂದು. ವಲಿಪ್ಪು ಎಂದರೆ ಫಿಟ್ಸು. ಎಷ್ಟು ಹೊತ್ತಿನಿಂದ ಎಂದು ನೀನು ಕೇಳಿದೆ. ಅರ್ಧ ಗಂಟೆಯಿಂದ ಎಂದೆ ನಾನು. ಅರ್ಧ ಗಂಟೆ ನಿಲ್ಲದ ಫಿಟ್ಸೆಂದರೆ ಪ್ರಾಣಕ್ಕೇ ಸಂಚಕಾರ. ನೀನು ಮುರುಗೇಶನ್‌ನನ್ನು ಎಡಮಗ್ಗುಲಿಗೆ ತಿರುಗಿಸಿದೆ, ಬಾಯಿ ಸ್ವಚ್ಛ ಮಾಡಿದೆ, ಆಮ್ಲಜನಕ ಹಾಕಿದೆ, ರಕ್ತದ ಸಕ್ಕರೆ ನೋಡಿಸಿದೆ, ಇಂಜೆಕ್ಷನ್ ಎಷ್ಟು ಕೊಡಬೇಕೆಂದು ತಡವರಿಸದೆ ಹೇಳಿದೆ. ಒಂದೂ ತಪ್ಪಿಲ್ಲ. ನಾನೋ, ಎದೆನೋವಿನವನನ್ನು ಈ ಹುಡುಗಿ ಯಾಕೆ ಹೀಗೆ ಉರುಳಾಡಿಸುತ್ತಿದ್ದಾಳೆ ಎಂದು ರೇಗುತ್ತ ಕೂತಿದ್ದೆ. ಇಸಿಜಿ ಕೇಳಿದಳೇ? ಇಲ್ಲ. ಸೊನ್ನೆ. ಐದು ನಿಮಿಷದಲ್ಲಿ ಇಸಿಜಿ ಆಗದಿದ್ದರೆ ರೋಗಿ ಸಾಯಬೇಕೆಂದು ಕಾರ್ಡಿನಲ್ಲಿತ್ತು. ಸಾಯಿಸಿದೆ.

ಮಧ್ಯಾಹ್ನ ನೀನು ನನ್ನ ಕೋಣೆಗೆ ಬಂದೆ. ನಾನು ಕನ್ನಡದವನೆಂದು ಗೊತ್ತಾದಂದಿನಿಂದ ನನ್ನೊಡನೆ, ತಲೆಮಾರುಗಳಿಂದ ತಮಿಳು ನಾಡಿನ ಸಿರುಮುಗೈಯಲ್ಲೇ ಇರುವ ನಿಮ್ಮ ಮನೆಯ ಕನ್ನಡದಲ್ಲೇ ಮಾತಾಡುತ್ತಿದ್ದೆಯಲ್ಲ, ಅಂದೂ ಹಾಗೆಯೇ ಕೇಳಿದೆ.

"ಸಾರ್, ನೀವು ವಲಿಪ್ಪುನ್ನು ತಾನೆ ಹೇಳ್ದ್ರಿ? ನನ್ ಕಿವಿಗೆ ಅಂಗೇ ಬಿತ್ತು."

ಆ ಕ್ಷಣವೇ ನನ್ನೊಳಗೆ ಅನುಮಾನ ಹುಟ್ಟಿತು. ಆದರೂ ಹೇಳಿದೆ: "ಇಲ್ಲಮ್ಮ, ನೆಂಜು ವಲಿ ಅಂತಲೇ ಹೇಳಿದ್ದು. ಗಾಬರೀಲಿ ನಿನಗೆ ತಪ್ಪಾಗಿ ಕೇಳಿಸಿದೆ."

"ಇರ್ಬೋದು ಸಾರ್. ಮನ್ನಿಸ್ಬುಡಿ."

ನೀನು ನನ್ನ ಕ್ಷಮೆ ಕೇಳಿದೆ. ನೀನು, ನನ್ನನ್ನು.

ನೀನು ಹೋದ ಮೇಲೆ ಪರೀಕ್ಷೆಯ ವಿಡಿಯೋ ಕ್ಯಾಸೆಟ್ ಹಾಕಿ ನೋಡಿದೆ. ವಲಿಪ್ಪು. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ವಲಿಪ್ಪು. ನಿಘಂಟು ತೆಗೆದು ಅರ್ಥವನ್ನೂ ನೋಡಿಕೊಂಡೆ. ಅಂಕಪಟ್ಟಿ ಇನ್ನೂ ನನ್ನ ಮೇಜಿನ ಮೇಲೆಯೇ ಇತ್ತು, ಮುಖ್ಯಸ್ಥರ ಕೋಣೆ ಮೂರು ಬಾಗಿಲ ಆಚೆ. ಹೋಗಿ ಒಂದು ಮಾತು ಹೇಳಿದ್ದರೆ ನಿನಗೆ ಇನ್ನೊಂದು ಪರೀಕ್ಷೆ ಸಿಗುತ್ತಿತ್ತು. ನಾನು ನಾಲ್ಕು ದಿನ ನಗೆಪಾಟಲಾಗುತ್ತಿದ್ದೆ. ಆ ನಗೆಗೆ ಹೆದರಿದೆ. ಮರುದಿನ ಬೆಳಿಗ್ಗೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ತಂಡದ ಪರೀಕ್ಷೆಯನ್ನು ರೆಕಾರ್ಡು ಮಾಡಿಬಿಟ್ಟೆ.

ಫೇಲಾದದ್ದಕ್ಕೆ ನೀನು ಕ್ಯಾಶುವಾಲ್ಟಿಯಲ್ಲಿ ಇನ್ನೂ ಎರಡು ತಿಂಗಳು ದುಡಿಯಬೇಕಾಯಿತು. ಎರಡು ತಿಂಗಳು ತಾನೆ ಎಂದುಕೊಂಡೆ. ಆದರೆ ಆಗ ನೋಡಿದ್ದು — ರೋಗಿಯ ಕಡೆಯವರನ್ನು ನೀನು ಕೇಳಿದ್ದನ್ನೇ ಕೇಳುತ್ತಿದ್ದೆ. ವಲಿಯಾ, ವಲಿಪ್ಪಾ, ಸರಿಯಾ ಸೊಲ್ಲುಂಗ — ನೋವೋ, ಫಿಟ್ಸೋ, ಸರಿಯಾಗಿ ಹೇಳಿ ಎಂದು. ಸೂಲೂರಿನ ಮಿಲ್ಲಿನಿಂದ ಅಣ್ಣನನ್ನು ಹೊತ್ತು ತಂದವನೊಬ್ಬ ಸಿಟ್ಟಿಗೆದ್ದು, ಕಿವಿ ಕೇಳಿಸುವುದಿಲ್ಲವೇ ನಿಮಗೆ ಎಂದು ಗದರಿದ. ನೀನು ತಲೆ ತಗ್ಗಿಸಿದೆ. ಪಕ್ಕದ ಮಂಚದ ಹತ್ತಿರವೇ ಇದ್ದ ನಾನು ಬಿಪಿ ನೋಡುವವನಂತೆ ಬಗ್ಗಿಕೊಂಡೆ.

ಯಾರು ಏನೇ ಕೂಗಲಿ, ಒಳ್ಳೆಯ ವೈದ್ಯೆ ಇಸಿಜಿ ಕೇಳಬೇಕಿತ್ತು ಎಂದು ವರ್ಷಗಟ್ಟಲೆ ನನ್ನೊಳಗೆ ವಾದ ಹೂಡಿದ್ದೇನೆ. ಆ ವಾದದಲ್ಲಿ ಹುರುಳಿಲ್ಲ. ಕಾರ್ಡಿನಲ್ಲಿ ಫಿಟ್ಸು ಎಂದಿದ್ದರೆ ಅದೇ ಕೆಲಸಕ್ಕೆ ನಾನೇ ನಿನಗೆ ಪೂರ್ತಿ ಅಂಕ ಕೊಡುತ್ತಿದ್ದೆ.

ನಿಮ್ಮ ತಂಡದಲ್ಲಿ ತುರ್ತುಚಿಕಿತ್ಸೆಯನ್ನೇ ಮುಂದೆ ಓದುತ್ತೇನೆ ಎನ್ನುತ್ತಿದ್ದವಳು ನೀನೊಬ್ಬಳೇ. ಕಾಲೇಜು ಬಿಡುವ ದಿನ, ಏನು ಓದುತ್ತೀಯಮ್ಮ ಎಂದು ಕೇಳಿದೆ. "ಪ್ಯಾಥಾಲಜಿ ಸಾರ್. ಕಣ್ಣಲ್ಲಿ ನೋಡೋ ಕೆಲ್ಸ ಸಾಕು. ನನ್ ಕಿವೀನ ನಂಬಕಾಗಲ್ಲ," ಎಂದು ನಕ್ಕೆ ನೀನು. ಆಗಲಾದರೂ — ಬಾಯಿ ತೆರೆದೆ. ಒಳ್ಳೆಯದಮ್ಮ ಎಂದುಬಿಟ್ಟೆ.

ಇಷ್ಟು ಬರೆದ ಮೇಲೆ ಮನಸ್ಸು ಹಗುರಾಯಿತು ಎನ್ನಿಸಿತು. ಮರುಗಳಿಗೆಯೇ ನಾಚಿಕೆಯಾಯಿತು. ನಿನಗೆ ಕನ್ನಡ ಓದಲು ಬರುವುದಿಲ್ಲ. "ನಮ್ಮನೇಲಿ ಮಾತು ಮಾತ್ರ ಸಾರ್, ಎಳುತ್ತು ಇಲ್ಲ," ಎಂದು ನನ್ನ ಮೇಜಿನ ಮೇಲಿದ್ದ ಕನ್ನಡ ಪತ್ರಿಕೆ ನೋಡಿ ನೀನೇ ಒಮ್ಮೆ ಹೇಳಿದ್ದೆ. ಗೊತ್ತಿದ್ದೂ, ನೀನು ಓದಲಾರದ ಅಕ್ಷರಗಳಲ್ಲಿ ತಪ್ಪೊಪ್ಪಿಕೊಳ್ಳುತ್ತ ಕೂತಿದ್ದೇನೆ. ಇದೂ ಬಚ್ಚಿಟ್ಟುಕೊಳ್ಳುವುದೇ.

ಮೇಟ್ಟುಪಾಳ್ಯದ ಲ್ಯಾಬೊಂದರಲ್ಲಿ ಇದ್ದೀಯೆಂದು ತಿಳಿದುಕೊಂಡಿದ್ದೇನೆ. ಈ ಕಾಗದ ತರುವುದಿಲ್ಲ. ಎದುರಿಗೆ ನಿಂತು, ನಿನ್ನ ಮನೆಯ ಮಾತಿನಲ್ಲಿ, ನೀನು ಕೇಳಿಸಿಕೊಂಡದ್ದೇ ಸರಿಯಾಗಿತ್ತು ಎಂದು ಹೇಳುತ್ತೇನೆ. ಇಷ್ಟು ವರ್ಷದ ಮೇಲೆ ಅದು ನಿನ್ನ ಯಾವ ಉಪಯೋಗಕ್ಕೂ ಬಾರದಿರಬಹುದು. ಹೇಳದೆ ಹಿಂದಿರುಗುವುದಿಲ್ಲ.