ಕೆಂಗೇರಿ ಮನೆಯ ಸಹಿ

ವಿಜಯನಗರದ ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಸ್ಲೈಡು ನೋಡುವ ಕೆಲಸ. ಒಂದರಂತೆ ಇನ್ನೊಂದಿಲ್ಲ ಎಂದು ಹೇಳುವುದಕ್ಕೇ ನನಗೆ ಸಂಬಳ. ಹಾಗೆ ನೋಡುವ ಅಭ್ಯಾಸ ಸೆಂಟರಿನಲ್ಲಿ ಬಿಟ್ಟು ಬರಬಹುದಾದದ್ದಲ್ಲ. ಮನೆಯಲ್ಲಿ ಚಪಾತಿ ಲಟ್ಟಿಸುವಾಗಲೂ ಇದರ ಅಂಚು ಅದರ ಹಾಗಿಲ್ಲವಲ್ಲ ಅನ್ನಿಸುತ್ತದೆ.

ಲೇಖಕರು ಸಹಿ ಹಾಕಿದ ಪುಸ್ತಕಗಳನ್ನು ಕೂಡಿಡುವ ಹುಚ್ಚು ಹಿಡಿದದ್ದು ಲಗ್ಗೆರೆಯ ಒಂದು ಗುಜರಿ ಅಂಗಡಿಯಲ್ಲಿ. ಹಳೆಯ ಪೇಪರು ಹಾಕಲು ಹೋಗಿದ್ದೆ. ತಕ್ಕಡಿಯ ಪಕ್ಕದ ರಾಶಿಯಲ್ಲಿ ನನಗೆ ಬಹಳ ಇಷ್ಟವಾದ ಕಥೆಗಾರರೊಬ್ಬರ ಮೊದಲ ಸಂಕಲನ ಕಂಡಿತು. ಅವರನ್ನು ಓದಿದವರು ಕಡಿಮೆ, ಆದರೆ ಒಮ್ಮೆ ಓದಿದವರು ಬಿಟ್ಟದ್ದಿಲ್ಲ. ಹೊದಿಕೆ ತೆರೆದೆ. ಒಳಗೆ ನೀಲಿ ಶಾಯಿಯಲ್ಲಿ ‘ಪ್ರೀತಿಯಿಂದ’ ಎಂದು ಬರೆದು ಸಹಿ ಹಾಕಿದ್ದರು. ಯಾರಿಗೆ ಪ್ರೀತಿಯಿಂದ ಎನ್ನುವುದನ್ನು ಮಾತ್ರ ಯಾರೋ ಉಜ್ಜಿ ಅಳಿಸಿದ್ದರು. ಆ ಪುಟವನ್ನು ಅಲ್ಲೇ ನಿಂತು ಎಷ್ಟೋ ಹೊತ್ತು ನೋಡಿದೆ. ಅಂಗಡಿಯವರು, “ತಗೊಂಡು ಹೋಗಿ ಆಂಟಿ, ಪೇಪರ್ ಜೊತೆ ಅಡ್ಜಸ್ಟ್ ಮಾಡ್ಕೋತೀನಿ,” ಎಂದರು.

ಅದಾಗಿ ಕೆಲವು ವರ್ಷಗಳ ಮೇಲೆ ಅದೇ ಕಥೆಗಾರರ ಹೊಸ ಪುಸ್ತಕ ಬಂತು. ಸಹಿ ಮಾಡಿದ ಪ್ರತಿ ಬೇಕಿದ್ದವರು ಮೊದಲೇ ತಿಳಿಸಿ ಎಂದು ಪ್ರಕಾಶಕರು ಹೇಳಿದ್ದರು. ತಿಳಿಸಿದೆ, ಪುಸ್ತಕ ಮನೆಗೆ ಬಂತು. ಒಂದು ಭಾನುವಾರ ಹಳೆಯದನ್ನೂ ಹೊಸದನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಹೆಸರು ಅದೇ, ಸಹಿಯ ಓರೆಯೂ ಅದೇ. ಆದರೆ ಹಳೆಯದರಲ್ಲಿ ಕೊನೆಯ ಅಕ್ಷರದ ಬಾಲ ಬರೆದವರು ಪೆನ್ನೆತ್ತಿ ಎದ್ದು ಹೋದ ಹಾಗೆ ಥಟ್ಟನೆ ಮುಗಿದಿತ್ತು. ಹೊಸದರ ಬಾಲ ನಿಧಾನವಾಗಿ ಸುತ್ತಿಕೊಂಡು ಒಂದು ದಪ್ಪ ಚುಕ್ಕಿಯ ಹತ್ತಿರ ನಿಂತಿತ್ತು.

ಇಂಥ ವಿಷಯ ಬಂದರೆ ನಾನು ಹೋಗುವುದು ನಮ್ಮ ಸೆಂಟರಿನ ಹಿಂದಿನ ರಸ್ತೆಯ ಕನ್ನಡಕದ ಅಂಗಡಿಗೆ. ಅದರ ಮಾಲೀಕರಿಗೂ ಇದೇ ಹುಚ್ಚು, ನನಗಿಂತ ಹಳೆಯದು. ಎರಡೂ ಪುಸ್ತಕವನ್ನು ಬೆಳಕಿಗೆ ಹಿಡಿದು, ಲೆನ್ಸ್ ಹಾಕಿಕೊಂಡು ನೋಡಿದರು. ಆಮೇಲೆ ಕಪಾಟಿನಿಂದ, ಈಚೆಗೆ ಪ್ರಕಾಶಕರಿಂದಲೇ ತರಿಸಿದ್ದ ಅದೇ ಲೇಖಕರ ಐದು ಪುಸ್ತಕ ತಂದು ಸಾಲಾಗಿ ಇಟ್ಟರು. ಅವರ ಐದರಲ್ಲೂ ಚುಕ್ಕಿ ಇತ್ತು.

“ಹಳೇದೇ ಡೂಪ್ಲಿಕೇಟ್ ಮೇಡಂ,” ಎಂದರು. “ಐದೂ ಒಂದೇ ಥರ ಇದೆ ನೋಡಿ. ನಿಮ್ಮ ಹೊಸದೂ ಹಾಗೇ. ಗುಜರೀಲಿ ಸಿಕ್ಕಿದ್ದನ್ನ ಹೇಗೆ ನಂಬ್ತೀರ?”

“ಗುಜರಿಗೆ ಹಾಕೋ ಪುಸ್ತಕಕ್ಕೆ ಯಾರು ಸಾರ್ ಕಳ್ಳ ಸಹಿ ಹಾಕ್ತಾರೆ?”

ಅವರು ಐದೂ ಪುಸ್ತಕವನ್ನು ಕಪಾಟಿಗೆ ಎತ್ತಿಟ್ಟರು. ನನ್ನವೆರಡನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಆದರೆ ಆ ಚುಕ್ಕಿ ತಲೆಯಿಂದ ಹೋಗಲಿಲ್ಲ. ಕೊನೆಗೆ ಪ್ರಕಾಶಕರಿಗೆ ಫೋನು ಮಾಡಿ, ಲೇಖಕರನ್ನು ಒಮ್ಮೆ ನೋಡಬೇಕು ಎಂದು ಕೇಳಿದೆ. ಅವರು ಮನೆಯವರನ್ನು ಕೇಳಿ ನಂಬರು ಕೊಟ್ಟರು. ಫೋನೆತ್ತಿದ ಹೆಂಗಸು, “ಅದಕ್ಕೇನಮ್ಮ, ಬನ್ನಿ. ಬೆಳಿಗ್ಗೇನೇ ಬಂದ್ಬಿಡಿ, ಮಧ್ಯಾಹ್ನ ಅವರು ಮಲಗ್ತಾರೆ,” ಎಂದರು.

ಮನೆ ಕೆಂಗೇರಿ ಉಪನಗರದಲ್ಲಿ. ಮೆಟ್ರೋ ಇಳಿದು ಆಟೋದಲ್ಲಿ ಹೋದೆ. ಬಾಗಿಲು ತೆರೆದವರು ಲೇಖಕರ ಹೆಂಡತಿ, ಫೋನಿನಲ್ಲಿ ಮಾತಾಡಿದವರು. ಲೇಖಕರು ಕಿಟಕಿಯ ಹತ್ತಿರ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ಒಂದು ದಿಂಬಿನ ಮೇಲಿತ್ತು, ಅಲ್ಲಾಡುತ್ತಿರಲಿಲ್ಲ. ಪುಸ್ತಕದ ಹಿಂಬದಿಯ ಫೋಟೋದಲ್ಲಿದ್ದ ಮುಖದ ಅರ್ಧ ಮಾತ್ರ ನನ್ನನ್ನು ನೋಡಿ ನಕ್ಕಿತು. ಪಾರ್ಶ್ವವಾಯು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ನಾನು ಚೀಲದಿಂದ ಎರಡೂ ಪುಸ್ತಕ ತೆಗೆದು ಟೀಪಾಯಿಯ ಮೇಲಿಟ್ಟೆ. ಆಕೆ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತೆರೆದರು.

“ಇದು ಇವರದ್ದು,” ಎಂದು ಹಳೆಯದನ್ನು ಪಕ್ಕಕ್ಕಿಟ್ಟರು. “ಇದು ನನ್ನದು.”

ನಾನು ಮುಖ ನೋಡಿದೆ. ಅಂಜಿಕೆಯೂ ಇಲ್ಲ, ನಾಚಿಕೆಯೂ ಇಲ್ಲ. ಹುಳಿಗೆ ಉಪ್ಪು ಹಾಕಿದ್ದು ಯಾರು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದ್ದರು.

“ಹೊಸ ಪುಸ್ತಕದ್ದೂ ಹಳೇ ಪುಸ್ತಕಗಳ ಹೊಸ ಮುದ್ರಣದ್ದೂ ಬಂಡಲ್ ಮನೆಗೆ ಬಂದಿತ್ತು, ಸಹಿ ಹಾಕಿ ವಾಪಸ್ ಕಳಿಸ್ಬೇಕಿತ್ತು. ಅಷ್ಟರಲ್ಲಿ ಇವರಿಗೆ ಹಿಂಗಾಯ್ತು. ಆಸ್ಪತ್ರೆಯಿಂದ ಬಂದ ಮೇಲೆ ಬಂಡಲ್ ನೋಡಿದ್ರೆ ಸಾಕು, ಅಳೋರು. ಮಾತೂ ಬರ್ತಿರಲಿಲ್ಲ. ನೀನೇ ಹಾಕು ಅಂತ ಕೈ ಸನ್ನೆ ಮಾಡಿದ್ರು. ನಾನು ಆಗಲ್ಲ ಅಂದೆ. ತಪ್ಪಲ್ವಾ? ಆದ್ರೆ ಇವರು ಬಿಡ್ಬೇಕಲ್ಲ. ಹಳೇ ಕ್ಯಾಲೆಂಡರಿನ ಹಿಂದುಗಡೆ ಕಲಿತ್ಕೊಂಡೆ. ಇವರೇ ಮೇಷ್ಟ್ರು. ಸರಿಯಾಗಿಲ್ಲ ಅಂದ್ರೆ ಹಿಂಗೆ ತಲೆ ಆಡಿಸೋರು.”

“ತುಂಬಾ... ನೀಟು,” ಎಂದರು ಲೇಖಕರು. ಒಂದೊಂದು ಪದವೂ ಬೇರೆಬೇರೆಯಾಗಿ, ತಡವಾಗಿ ಬಂತು. “ನಾನು... ಅಷ್ಟು ನೀಟಾದ ಮನುಷ್ಯ... ಅಲ್ಲ.”

ಆಕೆ ನಕ್ಕುಬಿಟ್ಟರು. ನನಗೂ ನಗು ಬಂತು. ಮೋಸ ಹೋದೆ ಎಂದು ಸಿಟ್ಟು ಬರಬೇಕಿತ್ತೇನೋ. ಬಂದದ್ದು ಬೇರೆಯದೇ ಆಸೆ. ಅದು ಹೇಗೆ ಬರೆಯುತ್ತಾರೆ ಎಂದು ಕಣ್ಣಾರೆ ನೋಡಬೇಕಿತ್ತು.

“ಒಂದ್ಸಲ ಹಾಕಿ ತೋರಿಸ್ತೀರಾ?”

ಅಂದಿನ ಪೇಪರಿನ ಅಂಚನ್ನು ಎಳೆದುಕೊಂಡು ಆಕೆ ಪೆನ್ನು ಹಿಡಿದರು. ಮೊದಲು ಬಲಗಡೆ ಚುಕ್ಕಿ ಇಟ್ಟರು. ಆಮೇಲೆ ಚುಕ್ಕಿಯಿಂದ ಹೊರಟು ಬಾಲ, ಬಾಲದಿಂದ ಕೊನೆಯ ಅಕ್ಷರ, ಹಾಗೇ ಹಿಂದಕ್ಕೆ ಹೋಗುತ್ತಾ ಮೊದಲ ಅಕ್ಷರಕ್ಕೆ ಬಂದು ನಿಲ್ಲಿಸಿದರು. ನಾನು ಬೆರಗಾಗಿ ನೋಡುತ್ತಿದ್ದೆ. ಕೊನೆ ಎಂದು ನಾನು ತಿಳಿದಿದ್ದ ಚುಕ್ಕಿಯೇ ಶುರು!

“ಇದೇನು ಹಿಂದಿನಿಂದ?”

“ನಂಗೆ ಇದು ಅಕ್ಷರ ಅಲ್ಲಮ್ಮ, ರಂಗೋಲಿ. ಚುಕ್ಕಿ ಇಡ್ದೆ ಎಳೆ ಎಳೆಯೋಕೆ ಕೈ ಬರಲ್ಲ. ಇವರ ಹೆಸರು ಅಂದ್ಕೊಂಡು ಬರೆದ್ರೆ ಗೆರೆ ಸೊಟ್ಟಗಾಗೋದು. ರಂಗೋಲಿ ಅಂದ್ಕೊಂಡೆ, ಬಂದ್ಬಿಡ್ತು.”

ಲೇಖಕರು ಎಡಗೈಯಿಂದ ಹಳೆಯ ಪುಸ್ತಕದ ಕಡೆ ಸನ್ನೆ ಮಾಡಿದರು, ಪೆನ್ನು ಕೇಳಿದರು.

“ಬೇಡ ರೀ, ಅವರ ಪುಸ್ತಕ ಕೆಟ್ಟೋಗತ್ತೆ,” ಎಂದು ಆಕೆ ತಡೆದರು. ನಾನೇ ಪೆನ್ನು ಕೊಟ್ಟು, ಪುಸ್ತಕ ಅವರ ತೊಡೆಯ ಮೇಲಿಟ್ಟು ಹಿಡಿದುಕೊಂಡೆ. ನೀಲಿ ಸಹಿಯ ಕೆಳಗೆ ಎಡಗೈಯಲ್ಲಿ ಬರೆಯತೊಡಗಿದರು. ಒಂದು ಅಕ್ಷರಕ್ಕೆ ಅರ್ಧ ಪುಟ ಬೇಕಾಯಿತು. ಎರಡನೆಯದು ಹೊಸ್ತಿಲು ದಾಟುವ ಮಗುವಿನ ಹಾಗೆ ಮುಗ್ಗರಿಸಿತು. ಹಣೆಯ ಮೇಲೆ ಬೆವರು ಬಂತು. ಆಕೆ ಸೆರಗಿನಿಂದ ಒರೆಸಿದರು. ಮೂರನೆಯ ಅಕ್ಷರ ಬರಲಿಲ್ಲ, ಒಂದು ಗೆರೆ ಬಂತು. ಪೆನ್ನು ಬಿಟ್ಟು ತಾವು ಬರೆದದ್ದನ್ನು ಸ್ವಲ್ಪ ಹೊತ್ತು ನೋಡಿದರು.

“ಇದು... ಯಾರದು?” ಎಂದರು. ಮೂವರೂ ನಕ್ಕೆವು. ನಗುವಾಗಲೇ ಆಕೆಯ ಕಣ್ಣು ತುಂಬಿತ್ತು.

ಹೊರಡುವಾಗ, ಬೇರೆಯವರಿಗೆ ಹೇಳಬಹುದೇ ಎಂದು ಕೇಳಿದೆ. “ಕೇಳಿದ್ರೆ ಹೇಳಿ. ನಾನು ಯಾರ ಹತ್ರಾನೂ ಸುಳ್ಳು ಹೇಳಿಲ್ಲ. ಇವತ್ತಿನ ತನಕ ಯಾರೂ ಕೇಳೇ ಇಲ್ಲ,” ಎಂದರು ಆಕೆ.

ಮಾರನೆಯ ದಿನ ಕನ್ನಡಕದ ಅಂಗಡಿಗೆ ಹೋದೆ. ಎಡಗೈಯ ಸಹಿ ನೋಡಿದ ಕೂಡಲೇ ಮಾಲೀಕರು ಹಣೆ ಚಚ್ಚಿಕೊಂಡರು. “ಅಯ್ಯೋ, ಯಾವ್ದೋ ಮಗು ಗೀಚ್ಬಿಟ್ಟಿದೆಯಲ್ಲ ಮೇಡಂ!”

ನಡೆದದ್ದೆಲ್ಲ ಹೇಳಿದೆ. ಅವರು ಲೆನ್ಸನ್ನು ಒರೆಸಿದರು, ಮತ್ತೆ ಒರೆಸಿದರು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಫ್ರೇಮು ಸಡಿಲವಾಗಿದೆ ಎಂದರು. ಅದನ್ನು ಬಿಗಿ ಮಾಡಿ ಕೊಟ್ಟು ಕಳಿಸಿದ ಮೇಲೆ ಅವರು ತಮ್ಮ ಐದು ಪುಸ್ತಕ ಇಳಿಸಿ ಒಂದೊಂದರ ಚುಕ್ಕಿಯನ್ನೂ ನೋಡಿದರು. ಪಾಪ, ಐದು ಪುಸ್ತಕ. ಬೇಜಾರಾಗಿದೆ ಎಂದುಕೊಂಡು ನಾನು ಎದ್ದೆ.

“ಭಾನುವಾರ ಅವರು ಮನೇಲಿರ್ತಾರಾ?” ಎಂದರು. “ಆ ಚುಕ್ಕಿ ಇಡೋದನ್ನ ನಾನೂ ನೋಡ್ಬೇಕಿತ್ತು.”

ಫೋನು ಮಾಡಿ ಕೇಳಿಕೊಂಡು ಭಾನುವಾರ ಇಬ್ಬರೂ ಹೋದೆವು. ಐದು ಪುಸ್ತಕವನ್ನೂ ಅವರು ಹೊಸ ಟವೆಲಿನಲ್ಲಿ ಸುತ್ತಿ ತಂದಿದ್ದರು. ಆಕೆ ಪೇಪರಿನ ಮೇಲೆ ರಂಗೋಲಿ ಹಾಕಿ ತೋರಿಸಿದರು. ಕನ್ನಡಕದವರು ಕುರ್ಚಿಯಿಂದ ಅರ್ಧ ಎದ್ದು ನೋಡಿದರು. ಆಮೇಲೆ ಐದು ಪುಸ್ತಕ ಮುಂದಿಟ್ಟು, “ಅಮ್ಮಾ, ಇದರ ಕೆಳಗೆ ನಿಮ್ಮ ಹೆಸರು ಬರೀಬೇಕು,” ಎಂದರು.

“ನನ್ನ ಹೆಸರು ಯಾರಿಗೆ ಬೇಕು ಬಿಡಿ.”

“ನಂಗೆ ಬೇಕಮ್ಮ. ಬರೆದಿರೋದು ನೀವಲ್ವಾ?”

ಆಕೆ ಗಂಡನ ಕಡೆ ನೋಡಿದರು. ಅವರು ತಲೆ ಆಡಿಸಿದರು, ಬರಿ ಎನ್ನುವ ಹಾಗೆ. ಆಕೆ ಒಂದು ಪುಸ್ತಕಕ್ಕೆ ಮಾತ್ರ ಬರೆದರು. ಮಿಕ್ಕವು ಹಾಗೇ ಇರಲಿ, ಅವು ಯಜಮಾನರವೇ ಎಂದು ಟವೆಲಿಗೆ ಸುತ್ತಿ ಕೊಟ್ಟರು.

ವಾಪಸು ಬರುವಾಗ ಮೆಟ್ರೋದಲ್ಲಿ ಕನ್ನಡಕದವರು, ಕಪಾಟಿನಲ್ಲಿರುವ ಬೇರೆ ಸಹಿಗಳು ಯಾರ ಯಾರ ಕೈಯಿಂದ ಬಂದಿರಬಹುದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅಂದಿನಿಂದ ಭಾನುವಾರಗಳಲ್ಲಿ ನಾವಿಬ್ಬರೂ ತೀರಿಹೋದ ಲೇಖಕರ ಮನೆಗಳನ್ನು ಹುಡುಕಿಕೊಂಡು ಹೋಗುತ್ತೇವೆ. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಾರೆ, ಕೆಲವರು ಕಾಫಿ ಕೊಡುತ್ತಾರೆ. ಕಳೆದ ವಾರ ಬಸವೇಶ್ವರನಗರದ ಒಂದು ಮನೆಯಲ್ಲಿ, ಹಸಿರು ಶಾಯಿಯ ಸಹಿಯೊಂದನ್ನು ತೋರಿಸಿ, ನಿಮ್ಮ ಮಾವನವರು ಹಸಿರಿನಲ್ಲಿ ಬರೆಯುತ್ತಿದ್ದರೇ ಎಂದು ಸೊಸೆಯನ್ನು ಕೇಳಿದೆವು. ಆಕೆ ಪುಟವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

“ಹಸಿರಾ? ತಡೀರಿ, ಅತ್ತೇನ ಕೇಳ್ಕೊಂಡು ಬರ್ತೀನಿ,” ಎಂದು ಒಳಗೆ ಹೋದರು. ನಾವು ಸೋಫಾದ ತುದಿಗೆ ಜರುಗಿ ಕಾದು ಕೂತೆವು.