ಕಿವಿ ಕಂಡ ಕರೆ

ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಇಬ್ಬರೂ ನಾಗಸಂದ್ರದ ಕೋಣೆಗೆ ಬಂದರೆ, ನನ್ನ ರೂಮ್‌ಮೇಟ್ ಬೂಟು ಬಿಚ್ಚುವ ಮೊದಲೇ ನಿದ್ದೆ ಹೋಗುತ್ತಿದ್ದ. ಬಾಗಲಕೋಟೆ ಕಡೆಯ ಅವನ ಹೆಂಡತಿ ಬೆಳಿಗ್ಗೆ ಫೋನ್ ಮಾಡಿದರೆ, ಅವನೇ ಹೇಳಿಕೊಟ್ಟಂತೆ ನಾನು ಅವನ ದನಿ ತೆಗೆದು, "ಆರಾಮ ಅದೀನಿ, ಉಂಡೀನಿ" ಅನ್ನುತ್ತಿದ್ದೆ. ನನ್ನ ಕಲೆಗಿಂತ ಹಳೆಯ ಟೂಜಿಯ ಗೊರಗೊರ ಸದ್ದೇ ನನ್ನನ್ನು ಕಾಪಾಡುತ್ತಿತ್ತು.

ಆಮೇಲೆ ತ್ರೀಜಿ ಬಂತು, ಅವನು ಹೊಸ ಫೋನ್ ಕೊಂಡ. ಒಂದು ಬೆಳಿಗ್ಗೆ ಅದು ಬಡಿದುಕೊಂಡಾಗ ಅರೆನಿದ್ದೆಯಲ್ಲಿ ಎತ್ತಿ, ಅಭ್ಯಾಸದಂತೆ ಕಿವಿಗಿಟ್ಟು, "ಆರಾಮ ಅದೀನಿ" ಎಂದೆ.

"ಇದು ನಮ್ಮವರ ಕಿವಿ ಅಲ್ರೀ!" ಎಂದಳು ಆಕೆ. ಹುಬ್ಬಳ್ಳಿಯ ಅಣ್ಣನ ಮನೆಗೆ ಹೋದವಳು ಅವನ ಫೋನಿನಿಂದ ವಿಡಿಯೊ ಕಾಲ್ ಮಾಡಿದ್ದಳು. "ಇಷ್ಟ ದಿನ ಯಾರ ಜೋಡಿ ಮಾತಾಡೀನಿ ನಾ?"

"ನನ್ ಜೊತೆ ಅಕ್ಕಾ. ಅವ್ನು ಮಲ್ಗಿದಾನೆ."

"ಆರಾಮ ಅದಾರೋ ಇಲ್ಲೋ? ಖರೇ ಹೇಳ್ರಿ."

ಫೋನನ್ನು ಅವನ ಕಡೆ ತಿರುಗಿಸಿದೆ. ಎಣ್ಣೆ ಮೆತ್ತಿದ ಅಂಗಿ, ಒಳಸೇರಿದ ಕಣ್ಣು, ಕಾಲಲ್ಲಿ ಬೂಟು.

ಆಕೆ ಮುಖವನ್ನು ಪರದೆಯ ಹತ್ತಿರ ತಂದಳು.

"ಎಬ್ಬಿಸಬ್ಯಾಡ್ರಿ. ಬೂಟಷ್ಟು ಬಿಚ್ಚಿಬಿಡ್ರಿ."

ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಬಿಚ್ಚಿದೆ. ನನ್ನ ಬೂಟೂ ಇನ್ನೂ ಕಾಲಲ್ಲೇ ಇತ್ತು.