ಎಣಿಕೆಗೆ ಸಿಗದ ರೋಗಿ

ಇವತ್ತು ಬೆಳಿಗ್ಗೆ ಕಟಕ ರೊಟ್ಟಿಯನ್ನು ಕರುಂ ಕುರುಂ ಅಂತ ಜಗಿದೆ. ಇದರಲ್ಲೇನು ದೊಡ್ಡಸ್ತಿಕೆ ಅಂತೀರಿ? ಎರಡು ವರ್ಷದ ಹಿಂದೆ ಬಿಸಿರೊಟ್ಟಿ ಜಗಿದರೂ ದವಡೆ ಸೋತುಹೋಗುತ್ತಿತ್ತು. ಹೆಂಡತಿಯ ರೊಟ್ಟಿಯನ್ನು ಬೈದೆ. ತಲೆ ಬಾಚಿದರೆ ನೆತ್ತಿ ಉರಿಯುತ್ತಿತ್ತು, ಬಾಚಣಿಗೆಯನ್ನು ಬೈದೆ. ಒಂದು ಮಧ್ಯಾಹ್ನ ರಾಯಾಪುರದ ಹತ್ತಿರ, ಬಸ್ಸಿನಲ್ಲಿ, ಎಡಗಣ್ಣಿಗೆ ಪರದೆ ಬಿದ್ದಂತಾಗಿ ಮತ್ತೆ ಸರಿಹೋಯಿತು. ಬೈಯಲು ಯಾರೂ ಸಿಗದೆ ದವಾಖಾನೆಗೆ ಹೋದೆ.

ಡಾಕ್ಟರ್ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕಿವಿಯ ಮುಂದೆ, ಹಣೆಯ ಪಕ್ಕದಲ್ಲಿ ಮುಟ್ಟಿ ನೋಡಿದರು. "ಸರ, ರಕ್ತನಾಳಕ್ಕ ಉರಿಯೂತ ಆಗೇದ ಅನಸ್ತದ. ಅಪರೂಪದ ರೋಗ. ತಡಾ ಮಾಡಿದ್ರ ಕಣ್ಣು ಹೋಗ್ತಾವ. ಗುಳಗಿ ಇವತ್ತ ಶುರು ಮಾಡ್ರಿ. ಖಾತ್ರಿಗೆ ನಾಳದ ತುಣುಕು ತೆಗೆದು ನೋಡೋಣ."

ಹೆದರಿದೆ, ಖರೇ. ಆದರೆ 'ಅಪರೂಪ' ಎಂಬ ಮಾತು ಒಳಗೊಳಗೇ ಹಿತವಾಯಿತು. ಆಯುಷ್ಯಪೂರ್ತಿ ಭೂಗೋಳ ಕಲಿಸಿದ ನನಗೆ ಅಂಥದ್ದೇನೂ ಒಲಿದಿರಲಿಲ್ಲ. ಗ್ಯಾರೇಜಿನ ಗೆಳೆಯ ಹುಸೇನಸಾಬನನ್ನು ಕೂರಿಸಿಕೊಂಡು ಲಕ್ಷಣಗಳ ಪಾಠ ಮಾಡಿದೆ.

ಗುಳಿಗೆಗೆ ನೆತ್ತಿಯ ಉರಿಯೂ ದವಡೆಯ ದಣಿವೂ ಓಡಿಹೋದವು. ತುಣುಕಿನಲ್ಲಿ ಮಾತ್ರ ಏನೂ ಕಾಣಲಿಲ್ಲ.

"ಹಂಗಾರ ನನಗ ರೋಗ ಇಲ್ಲೇನ್ರಿ?"

"ರೋಗ ಅದರೀ. ಉರಿಯೂತ ಬಿಟ್ಟು ಬಿಟ್ಟು ಇರ್ತದ, ನಾವು ತೆಗೆದ ಜಾಗಾದಾಗ ಇದ್ದಿಲ್ಲ. ಗುಳಗಿ ಬಿಡಬ್ಯಾಡ್ರಿ. ಆದ್ರ ಈ ಭಾಗದಾಗ ಎಷ್ಟು ಮಂದಿಗೆ ಅದ ಅಂತ ನಾವು ಎಣಸಾಕತ್ತೇವಲ್ಲ, ಅದರಾಗ ತುಣುಕಿನಾಗ ಕಂಡವರನ್ನಷ್ಟ ಹಿಡೀತೇವಿ."

ಅಂದರೆ ಗುಳಿಗೆ ನುಂಗಲು ನಾನು ಬೇಕು, ಎಣಿಕೆಗೆ ಬೇಡ! ನನ್ನ ಮುಖ ಊದಿತು. ಸಿಟ್ಟಿಗೋ ಗುಳಿಗೆಗೋ ಹೇಳಲಾರೆ. ಡಾಕ್ಟರ್ ನಕ್ಕರು, ಆಮೇಲೆ ಮೆಲ್ಲಗೆ ಹೇಳಿದರು: "ನಿಮ್ಮಂಥವರನ್ನ ಬಿಟ್ರ ಲೆಕ್ಕ ಸಣ್ಣದಾಗ್ತದ್ರಿ. ಲೆಕ್ಕ ಸಣ್ಣದಂತ ಡಾಕ್ಟರಗೂ ಈ ರೋಗ ನೆನಪಾಗಂಗಿಲ್ಲ."

ಅದರ ಅರ್ಥ ತಿಳಿದದ್ದು ಹುಸೇನಸಾಬ ಬಂದಾಗ. "ಮಾಸ್ತರ್, ಗರಗ ಊರಾಗಿರೋ ನಮ್ಮ ಆಪಾಗ ರೊಟ್ಟಿ ಅಗಿಯಾಕ ಆಗವಲ್ದು. ತಲಿ ಮುಟ್ಟಿದ್ರ ಚೀರತಾಳ. ಅಲ್ಲಿ ಡಾಕ್ಟರು ಹಲ್ಲು ಕೀಳಸ್ರಿ ಅಂತ ಹೇಳ್ಯಾರ. ನಿಮ್ಮ ಪಾಠ ನೆನಪಾತು."

"ಹಲ್ಲು ಇರಲಿ. ಕಣ್ಣು ಹೋದಾವು, ಲಗೂ ನಡಿ!"

ಅವನ ಅಕ್ಕನನ್ನು ಅವತ್ತೇ ಕರೆದುಕೊಂಡು ಹೋದೆವು. ಆಕೆಯ ತುಣುಕಿನಲ್ಲಿ ಉರಿಯೂತ ಚೊಕ್ಕವಾಗಿ ಕಂಡಿತು. "ಡಾಕ್ಟರ್ ಏನಂದ್ರು ಮಾಸ್ತರ್?" ಅಂತ ಅಕ್ಕ ಕೇಳಿದರು.

"ನೀವು ಲೆಕ್ಕಕ್ಕ ಬಂದ್ರಿ, ಅಕ್ಕಾ" ಅಂದೆ. ಹೊಟ್ಟೆಕಿಚ್ಚು ಮುಚ್ಚಿಡಲಾಗಲಿಲ್ಲ.

"ಅದನ್ನ ನೀವ ಇಟಗೋರಿ. ಕಣ್ಣು ಉಳೀತಾವಿಲ್ಲೋ?"

ಉಳಿದವು. ಇವತ್ತು ಅಕ್ಕನೂ ನಾನೂ ತಪಾಸಣೆ ಮುಗಿಸಿ ಸ್ಟಾಪಿನಲ್ಲಿ ನಿಂತಿದ್ದೆವು. ದೂರದಿಂದ ಬರುತ್ತಿದ್ದ ಬಸ್ಸಿನ ಬೋರ್ಡನ್ನು ಲೆಕ್ಕಕ್ಕೆ ಬಂದವರೂ ಬಾರದವನೂ ಒಟ್ಟಿಗೇ ಓದಿದೆವು.